ನೂರು ಬಿಟ್ಟು ಊಟ, ಕೋಟಿ ಬಿಟ್ಟು ಹರಿ: ಒಂದು ಶ್ಲೋಕವನ್ನು ದಿನಚರಿಗೆ ತರುವ ಬಗೆ

ನಮ್ಮಜ್ಜನಿಗೆ ಊರಲ್ಲಿ ಒಂದು ದಿನಸಿ ಅಂಗಡಿ ಇತ್ತು. ಮಧ್ಯಾಹ್ನ ಒಳಗಿಂದ ಅಜ್ಜಿ "ಎಲೆ ಹಾಕಿದೀನಿ" ಅಂತ ಕರೆದರೆ ಸಾಕು, ಉದ್ರಿ ಪುಸ್ತಕದಲ್ಲಿ ಕೂಡುತ್ತಿದ್ದ ಲೆಕ್ಕವನ್ನು ಅಜ್ಜ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಪೆನ್ಸಿಲನ್ನು ಅದೇ ಸಾಲಿನ ಕೆಳಗೆ ಅಡ್ಡ ಇಟ್ಟು, ಪುಸ್ತಕ ಮುಚ್ಚಿ, ಎದ್ದುಬಿಡುತ್ತಿದ್ದರು. "ಇನ್ನು ನಾಲ್ಕು ಸಾಲು ಅಷ್ಟೇ ಅಲ್ವಾ ಅಜ್ಜ, ಮುಗಿಸಿ ಹೋಗಬಾರ್ದಾ?" ಅಂತ ಒಮ್ಮೆ ಕೇಳಿದೆ. "ಲೆಕ್ಕ ಎಲ್ಲಿಗೂ ಓಡಿಹೋಗಲ್ಲ ಪುಟ್ಟ. ಹಸಿವು ಓಡಿಹೋಗುತ್ತೆ" ಅಂದರು. ಕೈಕಾಲು ತೊಳೆಯುತ್ತಾ ಈ ಶ್ಲೋಕ ಹೇಳಿದರು:

ಶತಂ ವಿಹಾಯ ಭೋಕ್ತವ್ಯಂ ಸಹಸ್ರಂ ಸ್ನಾನಮಾಚರೇತ್ ।
ಲಕ್ಷಂ ವಿಹಾಯ ದಾತವ್ಯಂ ಕೋಟಿಂ ತ್ಯಕ್ತ್ವಾ ಹರಿಂ ಸ್ಮರೇತ್ ॥

ನೂರು ಕೆಲಸ ಬಿಟ್ಟು ಊಟ ಮಾಡಬೇಕು. ಸಾವಿರ ಕೆಲಸ ಬಿಟ್ಟು ಸ್ನಾನ ಮಾಡಬೇಕು. ಲಕ್ಷ ಕೆಲಸ ಬಿಟ್ಟು ದಾನ ಕೊಡಬೇಕು. ಕೋಟಿ ಕೆಲಸ ಬಿಟ್ಟು ಹರಿಯನ್ನು ನೆನೆಯಬೇಕು. ಕೊನೆಯ ಪದವನ್ನು ಕೆಲವರು 'ಭಜೇತ್' ಅಂತಲೂ ಹೇಳುತ್ತಾರೆ. ಹೇಗೆ ಹೇಳಿದರೂ ಹಾದಿ ಒಂದೇ.

ಈ ಶ್ಲೋಕ ಬಾಯಿಪಾಠ ಇರುವವರು ಬಹಳ ಜನ ಇದ್ದಾರೆ. ನನಗೂ ಹತ್ತನೆಯ ವಯಸ್ಸಿಗೇ ಬರುತ್ತಿತ್ತು. ದಿನದೊಳಗೆ ಅದನ್ನು ತರಲು ಮಾತ್ರ ಮತ್ತೆ ಮೂವತ್ತು ವರ್ಷ ಬೇಕಾಯಿತು. ಆ ಹಾದಿಯಲ್ಲಿ ನನಗೆ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ: 'ವಿಹಾಯ' ಎಂಬ ಪದದ ಮುಂದೆ ಸ್ವಲ್ಪ ಹೊತ್ತು ಕೂರಿ

ನಾವೆಲ್ಲ ಈ ಶ್ಲೋಕದಲ್ಲಿ ಊಟ, ಸ್ನಾನ, ದಾನ, ಹರಿ ಎಂಬ ನಾಲ್ಕು ಪದಗಳನ್ನೇ ನೋಡುತ್ತೇವೆ. ನಿಜವಾದ ಕೀಲಿ ಇರುವುದು 'ವಿಹಾಯ' ಎಂಬಲ್ಲಿ. ವಿಹಾಯ ಅಂದರೆ 'ಬಿಟ್ಟು'. ನೂರು ಕೆಲಸ ಮುಗಿಸಿ ಉಣ್ಣಬೇಕು ಅಂತ ಶ್ಲೋಕ ಹೇಳುತ್ತಿಲ್ಲ. ಸಂಸ್ಕೃತದಲ್ಲಿ 'ಮುಗಿಸಿ' ಅನ್ನಲು 'ಸಮಾಪ್ಯ' ಎಂಬ ಪದ ಇದೆ. 'ಶತಂ ಸಮಾಪ್ಯ ಭೋಕ್ತವ್ಯಂ' ಅಂದಿದ್ದರೂ ಛಂದಸ್ಸು ಕೆಡುತ್ತಿರಲಿಲ್ಲ. ಗುರು, ಲಘು ಎರಡೂ ಸರಿಯಾಗಿ ಕೂರುತ್ತವೆ. ಆದರೂ ಹಾಗೆ ಹೇಳಲಿಲ್ಲ. 'ಬಿಟ್ಟು' ಅಂತಲೇ ಹೇಳಿದರು.

ನಾವು ಮಾಡುವ ತಪ್ಪೂ ಇಲ್ಲೇ. "ಈ ಕೆಲಸ ಒಂದು ಮುಗಿಯಲಿ, ಆಮೇಲೆ ಊಟ." "ಮಗಳ ಮದುವೆ ಮುಗಿಯಲಿ, ಆಮೇಲೆ ದಾನ ಧರ್ಮ." "ರಿಟೈರ್ ಆಗಲಿ, ಆಮೇಲೆ ದೇವರು ದಿಂಡರು." ಕೆಲಸ ಮುಗಿಯುವ ದಿನ ಅಂತ ಒಂದು ಬರುವುದೇ ಇಲ್ಲ. ಹಾಗಾಗಿ ಕೆಲಸವನ್ನು ಅರ್ಧಕ್ಕೆ ಕೆಳಗಿಡುವುದನ್ನು ಕಲಿಯಬೇಕು. ಮುಂದಿನ ನಾಲ್ಕು ಹೆಜ್ಜೆಗಳೂ ಈ ಒಂದು ವಿದ್ಯೆಯ ಅಭ್ಯಾಸವೇ.

ಸಂಖ್ಯೆಗಳನ್ನೂ ಒಮ್ಮೆ ನೋಡಿ. ಊಟದಿಂದ ಸ್ನಾನಕ್ಕೆ ಹತ್ತು ಪಟ್ಟು. ಎರಡೂ ನನ್ನ ಮೈಗೇ ಸೇರಿದ್ದು, ಅದಕ್ಕೆ ಅಂತರ ಕಡಿಮೆ. ಸ್ನಾನದಿಂದ ದಾನಕ್ಕೆ ಒಮ್ಮೆಲೇ ನೂರು ಪಟ್ಟು. ಅಲ್ಲಿ ಇನ್ನೊಬ್ಬರು ಬರುತ್ತಾರೆ. ದಾನದಿಂದ ಹರಿಗೆ ಮತ್ತೆ ನೂರು ಪಟ್ಟು. ಈ ಜಿಗಿತ ನನಗೆ ಸುಮ್ನೆ ಇಟ್ಟ ಲೆಕ್ಕ ಅನಿಸುವುದಿಲ್ಲ.

ಇನ್ನೊಂದು ಮಾತು. 'ಲಕ್ಷ', 'ಕೋಟಿ' ಅಂದ ತಕ್ಷಣ ಕೆಲವರು ರೂಪಾಯಿ ಅಂದುಕೊಳ್ಳುತ್ತಾರೆ. ಇಲ್ಲಿ ಎಣಿಸುತ್ತಿರುವುದು ಕೆಲಸಗಳನ್ನು. ಹತ್ತು ರೂಪಾಯಿ ಕೊಡುವವನಿಗೂ ಈ ಶ್ಲೋಕ ಅನ್ವಯಿಸುತ್ತದೆ.

ಮೊದಲು ಮೂರು ದಿನ ಬರೆದಿಡಿ

ಒಂದು ಸಣ್ಣ ಪುಸ್ತಕ ತಗೊಳ್ಳಿ. ದಿನಕ್ಕೆ ನಾಲ್ಕೇ ಸಾಲು. ಊಟ ಎಷ್ಟು ಹೊತ್ತಿಗೆ, ಉಣ್ಣುವಾಗ ಬೇರೆ ಏನು ಮಾಡುತ್ತಿದ್ದೆ? ಸ್ನಾನ ಯಾವಾಗ? ಯಾರಿಗಾದರೂ ಏನಾದರೂ ಕೊಟ್ಟೆನಾ? ದೇವರ ನೆನಪು ಎಷ್ಟು ಸಲ ಬಂತು, ಬಂದಾಗ ನಿಂತೆನಾ? ಏನನ್ನೂ ಬದಲಿಸಬೇಡಿ. ಸುಮ್ನೆ ಬರೆಯಿರಿ.

ನಾನು ಬರೆದಾಗ ಮೂರು ದಿನದಲ್ಲಿ ಐದು ಊಟ ಲ್ಯಾಪ್‌ಟಾಪ್ ಮುಂದೆ ಆಗಿತ್ತು. ದಾನದ ಸಾಲು ಮೂರೂ ದಿನ ಖಾಲಿ. ನೆನಪಿನ ಸಾಲಿನಲ್ಲಿ ಒಂದೇ ಇತ್ತು: ಬಸ್ಸಿನಲ್ಲಿ ಹೋಗುವಾಗ ಗುಡಿಯ ಗೋಪುರ ಕಂಡು ಎದೆ ಮುಟ್ಟಿಕೊಂಡದ್ದು. ಅದನ್ನು ಓದಿ ನನಗೆ ನಿಜವಾಗಿ ದುಃಖವಾಯಿತು. ನಾನು ಆಸ್ತಿಕ ಅಂತ ನಂಬಿಕೊಂಡಿದ್ದವನು. ಬರೆಯದೇ ಇದ್ದರೆ ಆ ಖಾಲಿ ಸಾಲು ನನಗೆ ಕಾಣುತ್ತಲೇ ಇರಲಿಲ್ಲ.

ಮೊದಲ ಹೆಜ್ಜೆ: ಊಟ

ಇಲ್ಲಿಂದಲೇ ಶುರು ಮಾಡಿ. ಅಧ್ಯಾತ್ಮ ಅಂದ ಕೂಡಲೇ ಎಲ್ಲರೂ ಜಪ, ಧ್ಯಾನಕ್ಕೆ ಹಾರುತ್ತಾರೆ. ಎದುರಿಗೆ ಬಿಸಿ ಅನ್ನ ಕಾಯುತ್ತಿರುವಾಗಲೇ ಕೆಲಸ ಬಿಡಲಾಗದವನು ಕಣ್ಣಿಗೆ ಕಾಣದ ದೇವರಿಗಾಗಿ ಹೇಗೆ ಬಿಟ್ಟಾನು?

ಊಟಕ್ಕೆ ಒಂದು ಹೊತ್ತು ಗೊತ್ತುಮಾಡಿ. ಆ ಹೊತ್ತು ಬಂದಾಗ ಕೆಲಸ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ. ನಿಲ್ಲಿಸುವಾಗ ಅಜ್ಜನ ಪೆನ್ಸಿಲ್ ನೆನಪಿಡಿ. ಮುಂದೆ ಏನು ಮಾಡಬೇಕಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ನಾಲ್ಕು ಪದ ಬರೆದಿಟ್ಟು ಏಳಿ. ಹೀಗೆ ಗುರುತು ಇಟ್ಟರೆ ತಲೆ ಆ ಕೆಲಸವನ್ನು ಬಿಡುತ್ತದೆ. ಗುರುತು ಇಡದೆ ಎದ್ದರೆ ಕೆಲಸ ನಿಮ್ಮ ಜೊತೆಗೇ ತಟ್ಟೆಯ ಮುಂದೆ ಬಂದು ಕೂರುತ್ತದೆ. ಇದು ಚಿಕ್ಕ ಉಪಾಯ, ಆದರೆ ನಾಲ್ಕೂ ಹೆಜ್ಜೆಗೆ ಬೇಕಾಗುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ. ತುತ್ತು ಎತ್ತುವ ಮುಂಚೆ ಅನ್ನಕ್ಕೆ ಒಮ್ಮೆ ಕೈಮುಗಿಯಿರಿ.

ಎಷ್ಟು ಉಣ್ಣಬೇಕು? ಗೀತೆಯ 6ನೇ ಅಧ್ಯಾಯದ 16ನೇ ಶ್ಲೋಕದಲ್ಲಿ ಕೃಷ್ಣ ಸ್ಪಷ್ಟವಾಗಿ ಹೇಳುತ್ತಾನೆ: ಅತಿಯಾಗಿ ತಿನ್ನುವವನಿಗೂ ಯೋಗ ಇಲ್ಲ, ಏನೂ ತಿನ್ನದವನಿಗೂ ಇಲ್ಲ. ಹಾಗಾಗಿ ಊಟ ಬಿಟ್ಟು ಮೈ ಸೊರಗಿಸಿದರೆ ಭಕ್ತಿ ಜಾಸ್ತಿ ಆಗುತ್ತದೆ ಎಂಬ ಭ್ರಮೆ ಬೇಡ. ಸಕ್ಕರೆ ಕಾಯಿಲೆ ಇರುವವರು, ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಬೇಕಾದವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ.

ಏಕಾದಶಿಯ ಉಪವಾಸ ಈ ಶ್ಲೋಕಕ್ಕೆ ಅಡ್ಡ ಬರುತ್ತದಾ ಅಂತ ಕೆಲವರಿಗೆ ಅನುಮಾನ ಬರುತ್ತದೆ. ಇಲ್ಲ. ಅಂದು ಬಿಡುತ್ತಿರುವುದು ನೂರರ ತೂಕದ್ದನ್ನು, ಹಿಡಿಯುತ್ತಿರುವುದು ಕೋಟಿಯ ತೂಕದ್ದನ್ನು. ಆದರೆ ಮೀಟಿಂಗಿಗಾಗಿ ಊಟ ಬಿಟ್ಟರೆ ಅದು ಉಪವಾಸ ಅಲ್ಲ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ಮಾತು. ಅಡುಗೆ ಮಾಡಿದವರ ಊಟವೂ ಈ ಶ್ಲೋಕದಲ್ಲೇ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರು ಎಲ್ಲರಿಗೂ ಬಡಿಸಿ, ಪಾತ್ರೆ ಎತ್ತಿಟ್ಟು, ಒಲೆ ಒರೆಸಿ, ತಳದಲ್ಲಿ ಉಳಿದದ್ದನ್ನು ಮೂರು ಗಂಟೆಗೆ ಉಣ್ಣುತ್ತಾರೆ. 'ಭೋಕ್ತವ್ಯಂ' ಎಂಬ ಮಾತು ಅವರಿಗೂ ಹೇಳಿದ್ದು. ಆ ನೂರು ಕೆಲಸದಲ್ಲಿ ಹತ್ತನ್ನು ಮನೆಯ ಉಳಿದವರು ಎತ್ತಿಕೊಂಡರೆ ಅವರೂ ಬಿಟ್ಟು ಕೂರಬಹುದು. ಇದನ್ನು ಮಾಡದೆ ಮುಂದಿನ ಹೆಜ್ಜೆಗೆ ಹೋಗಬೇಡಿ ಅನ್ನುವಷ್ಟು ಇದು ಮುಖ್ಯ.

ಎರಡನೇ ಹೆಜ್ಜೆ: ಸ್ನಾನ

ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ಊಟಕ್ಕಿಂತ ಸ್ನಾನಕ್ಕೆ ತೂಕ ಜಾಸ್ತಿ, ಅಂದರೆ ಮೊದಲು ಸ್ನಾನ, ಆಮೇಲೆ ಊಟ. ರಜೆಯ ದಿನ ಈ ಕ್ರಮ ತಲೆಕೆಳಗಾಗುತ್ತದೆ ಅಲ್ವಾ? ಅಂದೇ ಅಭ್ಯಾಸ ಮಾಡಿ.

ಮೊದಲ ತಂಬಿಗೆ ಸುರಿದುಕೊಳ್ಳುವ ಮುಂಚೆ ಒಂದು ಕ್ಷಣ ನಿಲ್ಲಿ. ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಂಬ ಏಳು ನದಿಗಳನ್ನು ಈ ನೀರಿಗೆ ಬನ್ನಿ ಅಂತ ಕರೆಯುವ ಶ್ಲೋಕ ನಮ್ಮಲ್ಲಿ ಬಹಳ ಮನೆಗಳಲ್ಲಿ ಹೇಳುತ್ತಾರೆ. ಬೆಂಗಳೂರು, ಮೈಸೂರು, ಮಂಡ್ಯದವರ ನಲ್ಲಿಯಲ್ಲಿ ಬರುವ ನೀರು ಬಹುಪಾಲು ಕಾವೇರಿಯದೇ. ಅವರಿಗೆ ಆ ಏಳನೆಯ ಹೆಸರು ಬರೀ ಮಂತ್ರ ಅಲ್ಲ, ಕೈಮೇಲೆ ಬೀಳುತ್ತಿರುವ ನೀರು. ಅದನ್ನು ನೆನೆದರೆ ನೀರು ಪೋಲು ಮಾಡಲು ಮನಸ್ಸು ಬರುವುದಿಲ್ಲ.

ಹಾಸಿಗೆ ಹಿಡಿದವರು ಏನು ಮಾಡಬೇಕು? ಧರ್ಮಶಾಸ್ತ್ರದವರು ಇದನ್ನು ಮೊದಲೇ ಯೋಚಿಸಿದ್ದಾರೆ. ನೀರಿನ ಸ್ನಾನಕ್ಕೆ ವಾರುಣ ಅಂತ ಹೆಸರು. ಅದಲ್ಲದೆ ಮಂತ್ರ ಹೇಳಿ ಪ್ರೋಕ್ಷಿಸಿಕೊಳ್ಳುವುದು, ಭಸ್ಮ ಹಚ್ಚಿಕೊಳ್ಳುವ ಆಗ್ನೇಯ, ಮನಸ್ಸಿನಲ್ಲೇ ದೇವರನ್ನು ನೆನೆಯುವ ಮಾನಸ ಸ್ನಾನ ಹೀಗೆ ಬೇರೆ ದಾರಿಗಳನ್ನೂ ಹೇಳಿದ್ದಾರೆ. ಕಾಯಿಲೆಯವರಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಒಗೆದ ಬಟ್ಟೆ ಹಾಕಿದರೆ ಸಾಕು. ಅವರ ಮುಖ ಎಷ್ಟು ಹಗುರಾಗುತ್ತದೆ ನೋಡಿ.

ಮೂರನೇ ಹೆಜ್ಜೆ: ದಾನ

ಇಲ್ಲಿ ನಾನು ಸೋತ ಕಥೆಯಿಂದಲೇ ಶುರು ಮಾಡಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಒಬ್ಬರು ಮಗನ ಕಾಲೇಜು ಫೀಸಿಗೆ ಎರಡು ಸಾವಿರ ಕೇಳಿದರು. ನನ್ನ ಹತ್ತಿರ ಇತ್ತು. ಕೊಡುವ ಮನಸ್ಸೂ ಇತ್ತು. "ಈಗ ಅರ್ಜೆಂಟಲ್ಲಿದೀನಿ, ಸಂಜೆ ಬನ್ನಿ" ಅಂದೆ. ಸಂಜೆ ನಾನು ತಡವಾಗಿ ಬಂದೆ. ಮಾರನೇ ದಿನ ಮರೆತೆ. ಮೂರನೇ ದಿನ ನೆನಪಾಗಿ ಹೋದಾಗ, "ಇಲ್ಲ ಸಾರ್, ಬಡ್ಡಿಗೆ ತಗೊಂಡು ಕಟ್ಟಿಬಿಟ್ಟೆ" ಅಂದರು. ಅವರ ದನಿಯಲ್ಲಿ ಸ್ವಲ್ಪವೂ ಸಿಟ್ಟು ಇರಲಿಲ್ಲ. ನನ್ನ ಎರಡು ನಿಮಿಷದ ಅರ್ಜೆಂಟಿಗೆ ಅವರು ತಿಂಗಳುಗಟ್ಟಲೆ ಬಡ್ಡಿ ಕಟ್ಟಬೇಕಾಯಿತು. 'ಲಕ್ಷಂ ವಿಹಾಯ' ಎಂಬ ಮಾತು ನನಗೆ ಅರ್ಥವಾದದ್ದು ಅಂದು.

ಊಟ ಒಂದು ಗಂಟೆ ತಡವಾದರೂ ಊಟವೇ. ದಾನ ಹಾಗಲ್ಲ. ಬೇಕಾದ ಹೊತ್ತು ದಾಟಿದರೆ ಅದರ ಬೆಲೆಯೇ ಹೋಗುತ್ತದೆ. ಕೊಡುವವನ ಮನಸ್ಸೂ ಬದಲಾಗುತ್ತದೆ. ಕರ್ಣನ ಬಗ್ಗೆ ಜನ ಒಂದು ಕಥೆ ಹೇಳುತ್ತಾರಲ್ಲ: ಎಡಗೈಯಲ್ಲಿದ್ದ ಚಿನ್ನದ ಬಟ್ಟಲನ್ನು ಯಾರೋ ಕೇಳಿದಾಗ ಎಡಗೈಯಲ್ಲೇ ಕೊಟ್ಟುಬಿಟ್ಟನಂತೆ. ಬಲಗೈಗೆ ದಾಟಿಸುವಷ್ಟರಲ್ಲಿ ಮನಸ್ಸು ಬದಲಾದರೆ ಅಂತ.

ಹಾಗಾದರೆ ಹೇಗೆ ಅಭ್ಯಾಸ ಮಾಡುವುದು? ನಮ್ಮ ಹಳೆಯ ಮುಷ್ಟಿ ಅಕ್ಕಿಯ ಪದ್ಧತಿಯಿಂದ ಶುರು ಮಾಡಿ. ಅನ್ನಕ್ಕೆ ಅಕ್ಕಿ ಅಳೆಯುವಾಗ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಿ. ಅಳೆದ ಮೇಲೆ ಅಲ್ಲ, ಮುಂಚೆ. ನನ್ನ ಕೈಗೆ ಒಂದು ಹಿಡಿ ಸುಮಾರು 50 ಗ್ರಾಂ ಬರುತ್ತದೆ. 30 ದಿನಕ್ಕೆ ಒಂದೂವರೆ ಕಿಲೋ. ತಿಂಗಳ ಕೊನೆಗೆ ಅದಕ್ಕೆ ಸ್ವಲ್ಪ ಬೇಳೆ, ಬೆಲ್ಲ ಸೇರಿಸಿ ಬೇಕಾದ ಒಂದು ಮನೆಗೆ ಕೊಡಿ. ಮಕ್ಕಳ ಕೈಯಲ್ಲಿ ಆ ಹಿಡಿ ಹಾಕಿಸಿ. ಚಿಕ್ಕ ಕೈಗೆ ಅಕ್ಕಿ ಬೆರಳ ಸಂದಿನಿಂದ ಉದುರುತ್ತದೆ, ಅವು ಮತ್ತೆ ಆರಿಸಿ ಹಾಕುತ್ತವೆ. ಆ ಆರಿಸುವಿಕೆಯಲ್ಲೇ ಅವು ಕಲಿಯುವುದು ಜಾಸ್ತಿ.

ಹಣದ ವಿಷಯದಲ್ಲಿ, ಸಂಬಳ ಬಂದ ದಿನವೇ ಒಂದು ಪಾಲು ಬೇರೆ ಇಡಿ. ನೂರಕ್ಕೆ ಒಂದಾದರೂ ಸರಿ. ಯುಪಿಐನಲ್ಲಿ ತಿಂಗಳು ತಿಂಗಳು ತಾನೇ ಹೋಗುವ ಹಾಗೆ ಮಾಡಬಹುದು, ಒಳ್ಳೆಯದೇ. ಆದರೆ ತಿಂಗಳಿಗೆ ಒಂದು ಸಲವಾದರೂ ಎದುರಿಗೆ ನಿಂತು ಕೈಯಿಂದ ಕೊಡಿ. ತಾನೇ ಹೋಗುವ ಹಣದಿಂದ ಬೇರೆಯವರಿಗೆ ಉಪಕಾರ ಆಗುತ್ತದೆ, ನಮ್ಮ ಕೈ ಬಿಡುವುದನ್ನು ಕಲಿಯುವುದಿಲ್ಲ.

ಹೇಗೆ ಕೊಡಬೇಕು ಎಂಬುದಕ್ಕೆ ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತುಗಳವು. 'ಮಾತೃದೇವೋ ಭವ', 'ಅತಿಥಿದೇವೋ ಭವ' ಬರುವುದೂ ಅಲ್ಲೇ. ಶ್ರದ್ಧಯಾ ದೇಯಂ, ಶ್ರದ್ಧೆಯಿಂದ ಕೊಡು. ಶ್ರಿಯಾ ದೇಯಂ, ನಿನ್ನ ಸಿರಿಗೆ ತಕ್ಕಂತೆ ಕೊಡು. ಹ್ರಿಯಾ ದೇಯಂ, ನಾಚಿಕೆಯಿಂದ ಕೊಡು. ಭಿಯಾ ದೇಯಂ, ಭಯದಿಂದ ಕೊಡು. ಸಂವಿದಾ ದೇಯಂ, ತಿಳಿದು ಕೊಡು.

'ನಾಚಿಕೆಯಿಂದ' ಎಂಬುದು ನನ್ನನ್ನು ಬಹಳ ದಿನ ಕಾಡಿತು. ನಾಚಬೇಕಾದದ್ದು ತಗೊಳ್ಳುವವನಲ್ಲ, ಕೊಡುವವನು. ನನ್ನ ಹತ್ತಿರ ಇಷ್ಟಿದ್ದೂ ಇಷ್ಟೇ ಕೊಡುತ್ತಿದ್ದೇನಲ್ಲ ಎಂಬ ನಾಚಿಕೆ. ಇದು ಮನಸ್ಸಿಗೆ ಇಳಿದರೆ ಕೊಡುವಾಗ ಫೋಟೋ ತೆಗೆಯಲು ಕೈ ಏಳುವುದಿಲ್ಲ. ಗೀತೆಯ 17ನೇ ಅಧ್ಯಾಯದ 20ನೇ ಶ್ಲೋಕದಲ್ಲೂ ನಮ್ಮ ಶ್ಲೋಕದ ಪದವೇ ಬರುತ್ತದೆ: 'ದಾತವ್ಯಂ', ಕೊಡಬೇಕು ಅಂತ ಕೊಡುವುದು. ತಿರುಗಿ ಉಪಕಾರ ಮಾಡಲಾಗದವನಿಗೆ, ತಕ್ಕ ಜಾಗದಲ್ಲಿ, ತಕ್ಕ ಹೊತ್ತಿನಲ್ಲಿ.

ಹಣವೇ ಇಲ್ಲ ಅನ್ನುವವರು ಧರ್ಮಸ್ಥಳದಲ್ಲಿ ಹೇಳುವ ನಾಲ್ಕು ದಾನ ನೆನೆಯಿರಿ: ಅನ್ನ, ವಿದ್ಯೆ, ಔಷಧ, ಅಭಯ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಅನ್ನ, ಅಕ್ಷರ, ಆಶ್ರಯ ಅಂತ ಮೂರು ದಾಸೋಹ. ಪಕ್ಕದ ಮನೆಯ ಹುಡುಗಿಗೆ ವಾರಕ್ಕೆ ಎರಡು ದಿನ ಗಣಿತ ಹೇಳಿಕೊಡಿ. ಆಸ್ಪತ್ರೆಗೆ ಹೋಗಲು ಹೆದರುವ ವಯಸ್ಸಾದವರ ಜೊತೆ ಹೋಗಿ ಕೂತು ಬನ್ನಿ. ಅದೂ ಅಭಯದಾನವೇ.

ನಾಲ್ಕನೇ ಹೆಜ್ಜೆ: ಸ್ಮರಣೆ

ಊಟಕ್ಕೆ ಅನ್ನ ಬೇಕು. ಸ್ನಾನಕ್ಕೆ ನೀರು ಬೇಕು. ದಾನಕ್ಕೆ ಕೊಡಲು ಏನಾದರೂ ಬೇಕು, ತಗೊಳ್ಳಲು ಒಬ್ಬರು ಬೇಕು. ಸ್ಮರಣೆಗೆ ಏನೂ ಬೇಡ. ಹೂವು ಬೇಡ, ದೀಪ ಬೇಡ, ಮಡಿ ಬೇಡ, ಗುಡಿಯ ಬಾಗಿಲು ತೆರೆದಿರಬೇಕಾಗಿಯೂ ಇಲ್ಲ. ಭಾಗವತದಲ್ಲಿ ಪ್ರಹ್ಲಾದ ಹೇಳುವ ಒಂಬತ್ತು ಭಕ್ತಿಗಳಲ್ಲಿ ಶ್ರವಣ, ಕೀರ್ತನ ಆದ ಮೇಲೆ ಮೂರನೆಯದೇ ಇದು. ಇಷ್ಟು ಸುಲಭವಾದದ್ದನ್ನೇ ನಾವು ಮೊದಲು ಕೈಬಿಡುವುದು. ಮಾಡದಿದ್ದರೆ ಹೊಟ್ಟೆ ಕೇಳುವುದಿಲ್ಲ, ಮೈ ನಾರುವುದಿಲ್ಲ, ಯಾರೂ ಬಾಗಿಲು ಬಡಿಯುವುದಿಲ್ಲ. ನೆನಪಿಸುವವರು ಯಾರೂ ಇಲ್ಲ, ಅದಕ್ಕೇ ಕೋಟಿಯ ತೂಕ.

'ಹರಿ' ಅಂದಿದ್ದಾರಲ್ಲ, ನಾನು ಶಿವನ ಭಕ್ತ, ನಾನು ದೇವಿಯ ಭಕ್ತೆ ಅನ್ನುವವರು ತಮ್ಮ ಇಷ್ಟದೈವದ ಹೆಸರನ್ನೇ ಹಿಡಿಯಿರಿ.

ಮೊದಲು ಮೂರು ನಿಲ್ದಾಣ ಮಾಡಿಕೊಳ್ಳಿ: ಬೆಳಿಗ್ಗೆ ಎದ್ದು ಅಂಗೈ ನೋಡಿಕೊಳ್ಳುವಾಗ, ಸಂಜೆ ದೀಪ ಹಚ್ಚುವಾಗ, ರಾತ್ರಿ ದಿಂಬಿಗೆ ತಲೆ ಇಡುವಾಗ. ಒಂದೊಂದಕ್ಕೂ ಒಂದು ನಿಮಿಷ ಸಾಕು. ಒಂದು ತಿಂಗಳು ಇದು ನಿಂತ ಮೇಲೆ ಸಂಜೆಯದನ್ನು 108 ನಾಮಕ್ಕೆ ಬೆಳೆಸಿ. ನಿಧಾನವಾಗಿ ಹೇಳಿದರೂ ಐದಾರು ನಿಮಿಷದ ಒಳಗೆ ಮುಗಿಯುತ್ತದೆ.

ಕೂತ ತಕ್ಷಣ ತಲೆಯೊಳಗೆ ಆ ಕೋಟಿ ಕೆಲಸಗಳು ಸಾಲಾಗಿ ಬರುತ್ತವೆ. ಗ್ಯಾಸ್ ಬುಕ್ ಮಾಡಿದೆನಾ, ಆ ಮೇಲ್‌ಗೆ ಉತ್ತರ ಕೊಟ್ಟೆನಾ. ಬೇಜಾರು ಮಾಡಿಕೊಳ್ಳಬೇಡಿ. ಗೀತೆಯ 6ನೇ ಅಧ್ಯಾಯದ 26ನೇ ಶ್ಲೋಕ ಹೇಳುವುದು ಇಷ್ಟೇ: ಮನಸ್ಸು ಎಲ್ಲೆಲ್ಲಿಗೆ ಓಡುತ್ತದೋ ಅಲ್ಲಲ್ಲಿಂದ ವಾಪಸ್ ಕರೆದುಕೊಂಡು ಬಾ. ಹತ್ತು ಸಲ ಓಡಿದರೆ ಹತ್ತು ಸಲ ಕರೆದಿರಿ ಅಂತ ಆಯಿತು. ಅದು ಹತ್ತು ಸಲ 'ತ್ಯಕ್ತ್ವಾ' ಮಾಡಿದ ಹಾಗೆ.

"ಹಾಗಾದರೆ ಕೆಲಸವನ್ನೆಲ್ಲ ಬಿಟ್ಟು ಕೂರಬೇಕಾ? ಮನೆ ನಡೆಯಬೇಡವಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನನಗೂ ಬಂದಿತ್ತು. ಉತ್ತರ ಸಿಕ್ಕಿದ್ದು ಗೀತೆಯ 8ನೇ ಅಧ್ಯಾಯದ 7ನೇ ಶ್ಲೋಕದಲ್ಲಿ: 'ಮಾಮನುಸ್ಮರ ಯುಧ್ಯ ಚ', ನನ್ನನ್ನು ನೆನೆ, ಯುದ್ಧವನ್ನೂ ಮಾಡು. ಯುದ್ಧಭೂಮಿಯಲ್ಲಿ ನಿಂತವನಿಗೆ ಕೃಷ್ಣ ಬಿಲ್ಲು ಕೆಳಗಿಡು ಅನ್ನಲಿಲ್ಲ. ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಕೆಲಸದ ಒಳಗೇ ನೆನಪು ಉಳಿಯಬೇಕಾದರೆ ಮೊದಲು ಕೆಲಸದಿಂದ ಎದ್ದು ನೆನೆಯುವುದು ಗಟ್ಟಿಯಾಗಬೇಕು. ಸೈಕಲ್ ಕಲಿಯುವಾಗ ಮೊದಲು ಖಾಲಿ ಮೈದಾನ, ಆಮೇಲೆ ಸಂತೆ ಬೀದಿ. ಅಳುವ ಮಗು, ನರಳುವ ರೋಗಿ ಎದುರಿಗಿದ್ದರೆ ಮಾಲೆ ಕೆಳಗಿಟ್ಟು ಅವರ ಹತ್ತಿರ ಹೋಗಿ. ನಾಮ ತುಟಿಯ ಮೇಲೇ ಇರಲಿ.

ಅಜ್ಜನ ಕೊನೆಯ ದಿನಗಳಲ್ಲಿ ನಾನು ಹತ್ತಿರ ಇದ್ದೆ. ಮೊದಲು ಊಟ ಹೋಯಿತು, ಗಂಜಿಯೂ ಇಳಿಯಲಿಲ್ಲ. ಸ್ನಾನ ನಾವು ಮಾಡಿಸುತ್ತಿದ್ದೆವು. ಅಂಗಡಿಗೆ ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸದ ಕೈ ಮೇಲೆ ಏಳುತ್ತಿರಲಿಲ್ಲ. ಹೆಬ್ಬೆರಳು ಮಾತ್ರ ತೋರುಬೆರಳಿನ ಗಣ್ಣುಗಳ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. ಜಪ ಎಣಿಸುತ್ತಿದ್ದರು. ನಾಲ್ಕರಲ್ಲಿ ಮೂರು ಅವರನ್ನು ಬಿಟ್ಟು ಹೋಗಿದ್ದವು, ನಾಲ್ಕನೆಯದು ಹೋಗಲಿಲ್ಲ.

ಒಂದು ದಿನ ತಪ್ಪಿದರೆ

ತಪ್ಪುತ್ತದೆ. ಮಾರನೇ ದಿನ ಎರಡು ಪಟ್ಟು ಮಾಡಿ ಸಾಲ ತೀರಿಸಲು ಹೋಗಬೇಡಿ. ಅಂದಿನದನ್ನು ಅಂದು ಮಾಡಿ. ನಾಲ್ಕನ್ನೂ ಒಟ್ಟಿಗೆ ಹಿಡಿಯಲೂ ಹೋಗಬೇಡಿ. ಒಂದೊಂದಕ್ಕೆ ಒಂದು ತಿಂಗಳು ಕೊಡಿ. ರಾತ್ರಿ ಪಾಳಿಯವರು, ಬೇರೆ ದೇಶದಲ್ಲಿರುವವರು ಗಡಿಯಾರದ ಗಂಟೆ ಹಿಡಿಯದೆ ತಮ್ಮ ಎಚ್ಚರದ ಹೊತ್ತನ್ನೇ ಬೆಳಗು ಅಂತ ಇಟ್ಟುಕೊಳ್ಳಲಿ.

ನಮ್ಮ ಮನೆಯಲ್ಲಿ ಶ್ಲೋಕದ ನಾಲ್ಕು ಪಾದಗಳನ್ನು ನಾಲ್ಕು ಚೀಟಿಯಲ್ಲಿ ಬರೆದಿದ್ದೇವೆ. ಊಟದ್ದು ಲ್ಯಾಪ್‌ಟಾಪ್ ಮೇಜಿನ ಅಂಚಿಗೆ ಅಂಟಿಸಿದೆ. ಸ್ನಾನದ್ದು ಬಚ್ಚಲು ಮನೆಯ ಬಾಗಿಲಿಗೆ. ದಾನದ್ದು ಮುಷ್ಟಿ ಅಕ್ಕಿಯ ಡಬ್ಬಿಗೆ. ನಾಲ್ಕನೆಯದನ್ನು ದೇವರ ಮನೆಯಲ್ಲಿ ಹಾಕೋಣ ಅಂದುಕೊಂಡೆವು, ಆದರೆ ಅಲ್ಲಿಗೆ ಹೋದವರಿಗೆ ನೆನಪು ಹೇಗೂ ಇರುತ್ತದೆ. ಹಾಗಾಗಿ ಅದನ್ನು ಮಡಚಿ ನನ್ನ ಫೋನಿನ ಹಿಂದಿನ ಕವರಿನೊಳಗೆ ಇಟ್ಟಿದ್ದೇನೆ. ದಿನದಲ್ಲಿ ಅತಿ ಜಾಸ್ತಿ ಸಲ ನನ್ನ ಕೈ ಹೋಗುವುದು ಅಲ್ಲಿಗೇ.